ಪಕ್ಕದ ಸೀಟಿನ ತೂಕ

ಗಾಜಿನ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಡೆಲ್ಮರ್ ನೊವಿಟ್ಸ್ಕಿಯನ್ನು ಟೊಲೀಡೊ ಊರಿನ ಜನ ಹೆಚ್ಚಾಗಿ ನೋಡಿದ್ದು ಹಳೆಯ ಷೆವೆಲ್ ಕಾರಿನ ಕೆಳಗಿಂದ ಹೊರಚಾಚಿದ ಎರಡು ಬೂಟುಗಳ ರೂಪದಲ್ಲಿ. ಮುಖ ನೆನಪಿದ್ದದ್ದು ಹೆಂಡತಿ ವರ್ಲಾಗೆ ಮಾತ್ರ, ಅದೂ ಊಟದ ಹೊತ್ತಿನ ಪರಿಚಯ.

ಮದುವೆಯಾಗಿ ಚರ್ಚಿನಿಂದ ಇಬ್ಬರೂ ಹೊರಟದ್ದು ಇದೇ ಕಾರಿನಲ್ಲಿ. ಅಂದಿನಿಂದ ಪ್ರತಿ ಜೂನ್‌ನಲ್ಲಿ ಆ ದಿನ ಅದರಲ್ಲೇ ಈರಿ ಸರೋವರದ ದಡಕ್ಕೆ ಹೋಗಿ ಕರಿದ ಪರ್ಚ್ ಮೀನು ತಿಂದು ಬರುವುದು ವಾಡಿಕೆ. ಹೋದ ವರ್ಷ ಹಿಂಬದಿಯ ಸ್ಪ್ರಿಂಗುಗಳು ಸೋತು, ಹಳ್ಳ ಸಿಕ್ಕಲ್ಲೆಲ್ಲ ಕಾರು ಕುಕ್ಕಿತು. ವರ್ಲಾ ಸೊಂಟ ಹಿಡಿದುಕೊಂಡು ಇಳಿದಳು.

"ಇದು ಸರಿಯಾಗೋತನಕ ನಾನು ಕೂರಲ್ಲಪ್ಪ. ನನ್ನ ಕಾರಲ್ಲಿ ನಾನು ಬರ್ತೀನಿ, ನೀನು ನಿನ್ನ ಈ ಮಹಾರಾಣಿ ಜೊತೆ ಬಾ."

ಪಕ್ಕದಲ್ಲಿ ವರ್ಲಾ ಇಲ್ಲದೆ ಆ ದಾರಿಯಲ್ಲಿ ಡೆಲ್ಮರ್ ಹೋದವನೇ ಅಲ್ಲ. ಬರುವ ಜೂನ್‌ಗೆ ಹೂವಿನ ಹಾಗೆ ಕೂರಿಸಿಕೊಂಡು ಹೋಗುತ್ತೇನೆಂದು ಮಾತು ಕೊಟ್ಟ.

ಹಿಂದಿನ ಎರಡು ಚಕ್ರಗಳನ್ನು ಕೂಡಿಸುವ ಆಕ್ಸಲನ್ನು ಹಿಡಿದಿಡುವುದು ನಾಲ್ಕು ಉಕ್ಕಿನ ತೋಳುಗಳು. ಉದ್ದ ಹೆಚ್ಚುಕಮ್ಮಿ ಮಾಡಬಹುದಾದ ಹೊಸ ತೋಳುಗಳು ಸಿಗುತ್ತವೆ, ತಿರುಗಿಸಿ ಎತ್ತರ ಹೊಂದಿಸುವ ಸ್ಪ್ರಿಂಗುಗಳೂ ಸಿಗುತ್ತವೆ. ತೋಳಿನ ತುದಿಯ ಕೀಲಿಗೆ ರಬ್ಬರೋ, ಉಕ್ಕಿನ ಗುಂಡೋ ಎಂಬುದಷ್ಟೇ ಪ್ರಶ್ನೆ. ರಬ್ಬರು ರಸ್ತೆಯ ಏಟನ್ನು ನುಂಗಿಕೊಳ್ಳುತ್ತದೆ, ಉಕ್ಕು ಅದನ್ನು ಜೋಪಾನವಾಗಿ ಕೂತವರ ಬೆನ್ನಿಗೆ ತಲುಪಿಸುತ್ತದೆ. ಸೊಂಟನೋವಿನ ಹೆಂಡತಿಗೆ ಯಾವುದು ವಾಸಿ ಎಂದು ಹಾಲು ಕುಡಿಯುವ ಮಗುವೂ ಹೇಳೀತು. ಡೆಲ್ಮರ್ ಮಗುವಲ್ಲವಲ್ಲ! ಚಳಿಗಾಲವಿಡೀ ಕ್ಯಾಟಲಾಗು ತಿರುವಿದ. ಬಿಸಿಲು ಬಂದ ಮೇಲೆ, ಗುರುವಾರ ಸಂಜೆ ಬರ್ಗರ್ ಅಂಗಡಿಯ ಮುಂದೆ ಹಳೇ ಕಾರುಗಳ ಬಾನೆಟ್ ಎತ್ತಿಟ್ಟು ಮಡಚುಕುರ್ಚಿಯಲ್ಲಿ ಕೂರುವ ಪಂಡಿತರನ್ನೆಲ್ಲ ಕೇಳಿದ. ಕಾರಿನಲ್ಲಿ ಕೂರಬೇಕಾದವಳನ್ನು ಮಾತ್ರ ಕೇಳಲಿಲ್ಲ.

"ರಬ್ಬರಾ?" ಎಂದ ಆರಿನ್. ರೇಸಿನ ಮೈದಾನಕ್ಕೆ ಕಾಲಿಡದೆಯೂ ರೇಸಿನ ಟೋಪಿ ತೆಗೆಯದ ಗೆಳೆಯ ಅವನು. "ಕಾರು ಓಡಿಸ್ತೀಯೋ, ತೊಟ್ಟಿಲು ತೂಗ್ತೀಯೋ?"

ಪಂಡಿತರೆಲ್ಲ ಗೊಳ್ಳೆಂದು ನಕ್ಕರು. ಮರುದಿನವೇ ಡೆಲ್ಮರ್ ಉಕ್ಕಿನ ಗುಂಡಿನದನ್ನು ತರಿಸಿದ.

ಹೊಸ ಸ್ಪ್ರಿಂಗುಗಳ ಎತ್ತರ ಹೊಂದಿಸುವಾಗ ಓಡಿಸುವವನ ಭಾರ ಸೀಟಿನ ಮೇಲಿರಬೇಕು. ಅವನೋ ಕಾರಿನ ಕೆಳಗಿರುತ್ತಾನೆ. ಹಾಗಾಗಿ ಪಂಡಿತರ ಬಳಗದ ರೂಢಿಯಂತೆ, ಮನೆಯ ಗಡಸು ನೀರನ್ನು ಮೆದುಮಾಡಲು ತಂದಿಟ್ಟ ಉಪ್ಪಿನ ಮೂಟೆಗಳನ್ನು ತನ್ನ ತೂಕದಷ್ಟು ಸೀಟಿಗೇರಿಸಿ, ಮೇಲಿನದಕ್ಕೆ ತನ್ನ ಟೋಪಿ ತೊಡಿಸಿ, ಬೆಲ್ಟ್ ಕಟ್ಟಿದ. ಕೂದಲೆಳೆಯಷ್ಟೂ ವಾಲದಂತೆ ಹೊಂದಿಸಿ, ಮೂಟೆ ಇಳಿಸಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ.

ಜೂನ್ ಬಂತು. ವರ್ಲಾ ನೀಲಿ ಫ್ರಾಕು ತೊಟ್ಟು ಬಲಪಕ್ಕದ ಸೀಟಿನಲ್ಲಿ ಕೂತಳು. ಕಾರು ಬಲಕ್ಕೆ ವಾಲಿತು. ಮೊದಲ ತಿರುವಿನಲ್ಲೇ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ಕರ್ರೆಂದಿತು.

"ಏನದು?"

"ಬಲಗಡೆ ಭಾರ ಸ್ವಲ್ಪ ಜಾಸ್ತಿ ಬಿತ್ತು ಅನ್ಸುತ್ತೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಅಷ್ಟರಲ್ಲಿ ಮನೆ ಹತ್ತಿರದ ರೈಲು ಹಳಿ ಬಂತು, ಉಕ್ಕು ತನ್ನ ಕರ್ತವ್ಯ ಮಾಡಿತು. ವರ್ಲಾ ಅಲ್ಲೇ ಇಳಿದು, ಸೊಂಟ ಹಿಡಿದುಕೊಂಡೇ ಮನೆಗೆ ನಡೆದಳು. ಡೆಲ್ಮರ್ ಕಾರು ತಿರುಗಿಸಿ ಬರುವಷ್ಟರಲ್ಲಿ ಅವಳು ಗ್ಯಾರೇಜಿನಲ್ಲಿ ಮೂಟೆಗಳ ಮುಂದೆ ನಿಂತಿದ್ದಳು. ಮೇಲಿನ ಮೂಟೆಗೆ ಇನ್ನೂ ಅವನ ಟೋಪಿ ಇತ್ತು.

"ಇದ್ಯಾರು?"

"ನಾನು. ಅಳತೆಗೆ ಅಂತ ಸೀಟಲ್ಲಿ ಇಟ್ಟಿದ್ದೆ."

"ಹಾಗಾದ್ರೆ ನಾನೆಲ್ಲಿ?"

ಯಾರಿಗಾಗಿ ಡೆಲ್ಮರ್ ಇಷ್ಟೆಲ್ಲ ಮಾಡಿದನೋ ಅವಳ ಸೀಟನ್ನೇ ಖಾಲಿ ಬಿಟ್ಟು ಲೆಕ್ಕ ಹಾಕಿದ್ದ. ನಾಚಿಕೆಯಿಂದ ಕುಗ್ಗಿಹೋದ.

"ನಿನ್ನ ತೂಕ ಎಷ್ಟು ಅಂತ ಹೇಳಿದ್ರೆ, ಅಷ್ಟು ಉಪ್ಪು..."

ವರ್ಲಾ ನೋಡಿದ ನೋಟಕ್ಕೆ ಉಳಿದ ಮಾತನ್ನು ನುಂಗಿಕೊಂಡ. ಆ ಸಂಜೆಯೇ ರಬ್ಬರಿನ ತೋಳುಗಳಿಗೆ ಹೇಳಿಕಳಿಸಿದ.

ಅವು ಬಂದ ದಿನ, ಅಳತೆಗೆ ಬಂದು ಕೂರೆಂದು ಕೇಳುವ ಧೈರ್ಯ ಅವನಿಗಿರಲಿಲ್ಲ. ವರ್ಲಾ ತಾನಾಗಿಯೇ ಬಂದು ಬಾಗಿಲು ತೆರೆದು, ಅದೇ ನೀಲಿ ಫ್ರಾಕಿನಲ್ಲಿ ತನ್ನ ಸೀಟಿನಲ್ಲಿ ಕೂತಳು. ಪಕ್ಕದಲ್ಲಿ ಬೆಲ್ಟ್ ಕಟ್ಟಿದ ಮೂಟೆಗಳು.

"ನೀನೇ ವಾಸಿ ಕಣಯ್ಯಾ," ಎಂದಳು ಟೋಪಿ ಹಾಕಿದ ಮೂಟೆಗೆ. "ಹೇಳಿದ್ದನ್ನೆಲ್ಲ ಕೇಳಿಸ್ಕೊಂಡು ಕೂತಿದ್ದೀಯ."

"ನಾನೂ ಕೇಳಿಸ್ಕೋತಿದೀನಿ," ಎಂದವು ಕಾರಿನ ಕೆಳಗಿನ ಬೂಟುಗಳು.

"ಹಾಗಾದ್ರೆ ಬೇಗ ಮುಗಿಸು. ಮೀನಿಗೆ ಹೊತ್ತಾಯ್ತು."