ಬಾಯೇ ಮುಡ್

ಹೊಸ ಜೀನ್ಸ್ ಬಟ್ಟೆಯ ಗಂಜಿಯೂ ಹೊಲಿಗೆ ಮಿಷನ್ನಿನ ಎಣ್ಣೆಯೂ ಬೆರೆತ ವಾಸನೆ ಎಲ್ಲಿ ಮೂಗಿಗೆ ಬಡಿದರೂ ನಾನು ರಾಯದುರ್ಗದ ನಮ್ಮ ಹಳೆಯ ಪಡಸಾಲೆಗೆ ಹೋಗಿಬಿಡುತ್ತೇನೆ. ಬಾಗಿಲ ಬೆಳಕಿಗೆ ಮಿಷನ್ ಹಾಕಿಕೊಂಡು, ಮೊಣಕಾಲವರೆಗೆ ನೀಲಿ ದೂಳು ಮೆತ್ತಿಕೊಂಡು ಕೂತಿರುತ್ತಿದ್ದವನು ಅಪ್ಪನ ತಮ್ಮ, ತಿಪ್ಪೇಸ್ವಾಮಿ ಚಿಕ್ಕಪ್ಪ. ಅವನ ಕಾಲಿನಂತೆ ಬಾಯಿಯೂ ನಿಲ್ಲುತ್ತಿರಲಿಲ್ಲ. ಗಿರಾಕಿಗಳ ದನಿಯನ್ನು ಅಣಕಿಸಿ ನಮ್ಮನ್ನು ನಗಿಸುವನು, ಅಜ್ಜ ಏನೇ ಹೇಳಲಿ, "ಯಾಕ?" ಎನ್ನುವನು. ಆ "ಯಾಕ" ಕೇಳಿ ಕೇಳಿ ಅಜ್ಜನಿಗೆ ತಲೆ ಚಿಟ್ಟು ಹಿಡಿದಿತ್ತು. ಮಿಲ್ಟ್ರಿಗೆ ಸೇರಿದರೆ ಸರಿಹೋಗುತ್ತಾನೆ ಎಂದು ಓಣಿಯವರೆಲ್ಲ ಹೇಳಿದರು. ಸರಿಹೋಗಲು ಅವನಲ್ಲಿ ಕೆಟ್ಟದ್ದೇನಿತ್ತೋ, ನನಗಂತೂ ಇವತ್ತಿಗೂ ಗೊತ್ತಾಗಿಲ್ಲ.

ಮಿಲ್ಟ್ರಿ ಸೇರಿ ಮೊದಲ ರಜೆಗೆ ಬಂದಾಗ ತಲೆ ನುಣ್ಣಗಿತ್ತು, ಬಾಯಿ ಇನ್ನೂ ಇತ್ತು. ಅವನಿಗೆ ಹಿಂದಿ ಬರುತ್ತಿರಲಿಲ್ಲ. ಕವಾಯತು ಕಲಿಸುವ ಉಸ್ತಾದ "ಬಾಯೇ ಮುಡ್" ಎಂದರೆ ಎಡಕ್ಕೆ ತಿರುಗಬೇಕು. ಇವನಿಗೆ ಕೇಳಿಸಿದ್ದು "ಬಾಯಿ ಮುಚ್". ಸಾಲಿಗೆ ಸಾಲೇ ಎಡಕ್ಕೆ ತಿರುಗಿದಾಗ ಇವನೊಬ್ಬ ತುಟಿ ಬಿಗಿದು ನೆಟ್ಟಗೆ ನಿಂತನಂತೆ. ಬಂದೂಕನ್ನು ತಲೆಯ ಮೇಲೆ ಎತ್ತಿ ಹಿಡಿಸಿ, ಬೀಳುವವರೆಗೆ ಬಿಸಿಲಲ್ಲಿ ಓಡಿಸಿದರಂತೆ. ಮನೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಗು ನಿಂತ ಮೇಲೆ ಅವನು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟು ಅಂದ: "ನಾ ವಾಪಸ್ ಹೋಗಲ್ಲಪ್ಪ. ಇಲ್ಲೇ ಮಿಷನ್ ತುಳಕಂಡು ಇರ್ತೀನಿ."

ಅಬ್ಬಬ್ಬಾ, ಆಮೇಲಿನ ರಗಳೆ! "ಊರ ಮಂದಿ ಮುಂದ ಮಾರಿ ಹೆಂಗ ಎತ್ತಲಿ?" ಎಂದು ಅಜ್ಜ ಉಣ್ಣುವುದನ್ನೇ ಬಿಟ್ಟ. ಮದುವೆಯ ಮಾತಿಗೆ ಮಡಕಶಿರದಿಂದ ಬಂದಿದ್ದ ಹೆಣ್ಣಿನ ತಂದೆ, "ಮಿಲ್ಟ್ರಿ ಹುಡ್ಗ ಅಂತಲೇ ಒಪ್ಕಂಡಿದ್ದು ಕಣ್ರಿ. ಬಟ್ಟೆ ಹೊಲಿಯೋರು ನಮ್ಮೂರಾಗೆ ಇರ್ಲಿಲ್ವೇ?" ಎಂದು ಎದ್ದೇಬಿಟ್ಟರು. ಅವರು ಹಾಕಿಕೊಂಡಿದ್ದ ಪ್ಯಾಂಟನ್ನು ಯಾರು ಹೊಲಿದಿದ್ದರೋ! ಓಣಿಯವರು ಒಬ್ಬೊಬ್ಬರಾಗಿ ಬಂದು ಬುದ್ಧಿ ಹೇಳಿದರು. ಅವನಿಗೇನು ಬೇಕು ಎಂದು ಒಬ್ಬರಾದರೂ ಕೇಳಬಾರದಿತ್ತೇ? ನೆನೆದರೆ ಮೈ ಉರಿಯುತ್ತದೆ. ಕೊನೆಗೆ ಚಿಕ್ಕಪ್ಪ ಟ್ರಂಕು ಹೊತ್ತುಕೊಂಡು ಬಸ್ ಹತ್ತಿದ.

ಮುಂದಿನ ರಜೆಯಲ್ಲಿ ಅದೇ ಮಡಕಶಿರದ ಹೆಣ್ಣಿನ ಜೊತೆ ಮದುವೆಯಾಯಿತು. ಹಸೆಮಣೆಯ ಮೇಲೂ ಅವನು ಹೇಳಿದಷ್ಟಕ್ಕೆ ಏಳುತ್ತಿದ್ದ, ಕೂರುತ್ತಿದ್ದ. "ಎಷ್ಟು ಶಿಸ್ತು ನೋಡ್ರಿ" ಎಂದು ಎಲ್ಲರೂ ಹೊಗಳಿದರು. ಅಜ್ಜ ತೀರಿಕೊಂಡ, ಮಿಷನ್ನುಗಳು ಮಾರಿಹೋದವು, ನಾವು ಹೊಟ್ಟೆಪಾಡಿಗೆ ಬೆಂಗಳೂರಿನ ಗಾರ್ಮೆಂಟ್ಸಿಗೆ ಬಂದೆವು. ಆ ಪಡಸಾಲೆಯಲ್ಲಿ ಈಗ ಯಾರದೋ ಮೊಬೈಲ್ ಅಂಗಡಿಯಿದೆ.

ಮೊನ್ನೆ ಪಿಂಚಣಿದಾರ ಚಿಕ್ಕಪ್ಪನ ಮನೆಗೆ ಹೋಗಿದ್ದೆ. ಇಸ್ತ್ರಿಯ ಅಂಗಿ ತೊಟ್ಟು ಪೇಪರ್ ಓದುತ್ತಿದ್ದ. ಅವನ ಮಗಳು ಚಪ್ಪಲಿ ಮೆಟ್ಟುತ್ತಿದ್ದಳು. "ಹೊರಗ ಹೋಗಬ್ಯಾಡ" ಎಂದ. ಅವಳು ತಲೆಯೆತ್ತಿ, "ಯಾಕ?" ಎಂದಳು. ಅದೇ ರಾಗ, ಅದೇ ಎಳೆತ. ನಾನು ಚಿಕ್ಕಪ್ಪನ ಮುಖ ನೋಡಿದೆ. ಅವನೂ ಗುರುತು ಹಿಡಿದಾನು, ನಕ್ಕಾನು ಎಂದು ಕಾದೆ.

"ಬಾಯಿ ಮುಚ್ಚು" ಎಂದ ಚಿಕ್ಕಪ್ಪ.

ಹುಡುಗಿ ತುಟಿ ಬಿಗಿದು ನೆಟ್ಟಗೆ ನಿಂತಳು.