ಎಣ್ಣೆ ಕೈಗೆ ಕೊಡಬಾರದು

ಎಣ್ಣೆಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳ ಆಗುತ್ತದೆ ಎಂದು ನಮ್ಮ ಅತ್ತೆ ನಂಬಿದ್ದಾರೆ. ಕೊಡುವವರು ಬಟ್ಟಲನ್ನು ಕೆಳಗಿಡಬೇಕು, ಬೇಕಾದವರು ಅಲ್ಲಿಂದ ಎತ್ತಿಕೊಳ್ಳಬೇಕು. ಮದುವೆಯಾಗಿ ರಾಜಾಜಿನಗರದ ಈ ಮನೆಗೆ ಬಂದ ಹೊಸದರಲ್ಲಿ ನಾನು ಕಲಿತ ಮೊದಲ ಪಾಠ ಇದು. ಉಪ್ಪಿಗೂ ಇದೇ ಕಾನೂನು, ಸೂಜಿಗೂ ಇದೇ. ಕಾರಿನ ಕೀಗೆ ಮಾತ್ರ ಯಾವ ಕಾನೂನೂ ಇಲ್ಲ. ನಮ್ಮ ಮನೆಗೆ ಜಗಳ ಬಂದದ್ದು ಕಾರಿನಿಂದ.

ಕೆಳಗಿನ ಮನೆಯಲ್ಲಿ ನನ್ನ ಗಂಡನ ಅಣ್ಣನ ಸಂಸಾರ, ಅವರ ಜೊತೆ ಅತ್ತೆ. ಮೇಲೆ ನಾವು. ಗೇಟಿನ ಒಳಗೆ ಮಾವ ನೆಟ್ಟ ತೆಂಗಿನಮರ ಒಂದಿತ್ತು. ಅದರ ಕಾಯಿಯನ್ನು ತಾರಸಿಯ ಮೇಲೆ ಒಣಗಿಸಿ, ಕೊಬ್ಬರಿಯನ್ನು ಹೆಗ್ಗನಹಳ್ಳಿಯ ಗಾಣಕ್ಕೆ ಒಯ್ದು, ಎಣ್ಣೆ ತೆಗೆಸಿಕೊಂಡು ಬರುವುದು ನನ್ನ ಕೆಲಸ. ಅದಕ್ಕೊಂದಿಷ್ಟು ಹರಳೆಣ್ಣೆ ಬೆರೆಸಿದರೆ ಅತ್ತೆಯ ಶುಕ್ರವಾರದ ಎಣ್ಣೆಸ್ನಾನಕ್ಕೆ ಸಿದ್ಧ. ಹಚ್ಚಿ ನೀರು ಹಾಕುವುದು ನನ್ನ ಓರಗಿತ್ತಿಯ ಕೆಲಸ. ಅವರನ್ನು ನಾನು ಅಕ್ಕ ಎನ್ನುತ್ತೇನೆ.

ಅಕ್ಕನ ಮನೆಗೆ ಕಾರು ಬಂತು. ಗರಿ ಬಿದ್ದು ಗಾಜು ಒಡೆದೀತು ಎಂದು ಮರ ಕಡಿಸಿದರು. ನಾವು ಆಗ ಊರಲ್ಲಿರಲಿಲ್ಲ, ಒಂದು ಮದುವೆಗೆ ಹೋಗಿದ್ದೆವು. ವಾಪಸು ಬಂದಾಗ ಗೇಟಿನ ಒಳಗೆ ಯಾವತ್ತೂ ಇಲ್ಲದಷ್ಟು ಬೆಳಕಿತ್ತು.

ನಾನು ಜಗಳ ಆಡಲಿಲ್ಲ. ಕೋಪ ಬಂದರೆ ಬೈಯುವ ಜಾತಿ ಅಲ್ಲ ನನ್ನದು, ಬಾಯಿ ಮುಚ್ಚುವ ಜಾತಿ. ಮಾತು ಬಿಟ್ಟೆ. ಅಕ್ಕನೂ ಬಿಟ್ಟರು. ಆದರೆ ಅತ್ತೆಯ ಎಣ್ಣೆ ನಿಲ್ಲಿಸುವ ಹಾಗಿರಲಿಲ್ಲ. ಅಂಗಡಿಯ ಕೊಬ್ಬರಿ ತಂದು ಗಾಣಕ್ಕೆ ಕೊಟ್ಟೆ. ಎಣ್ಣೆಯ ಬಾಟಲಿಯನ್ನು ಕೊನೆಯ ಮೆಟ್ಟಿಲ ಮೇಲಿಟ್ಟು ಬರುತ್ತಿದ್ದೆ, ಅಕ್ಕ ಬಂದು ಎತ್ತಿಕೊಳ್ಳುತ್ತಿದ್ದರು. ನೋಡಿದವರಿಗೆ, ಅತ್ತೆಯ ಮಾತು ಮೀರದ ಸೊಸೆಯರು ಎನ್ನಿಸಬೇಕು. ಹಾವೂ ಸಾಯದ, ಕೋಲೂ ಮುರಿಯದ ಏರ್ಪಾಡು.

ಆ ಮಾಗಿಯಲ್ಲಿ ಅತ್ತೆಯ ಕಾಲು ಕೆಟ್ಟಿತು. ಮೊಣಕಾಲಿನ ಕೆಳಗೆ ಚರ್ಮ ಒಣಗಿ, ಹೊಟ್ಟೆದ್ದು, ಒಂದೇ ಸಮನೆ ತುರಿಕೆ. ಕೆರೆದು ಕೆರೆದು ರಕ್ತ ಬರಿಸಿಕೊಂಡರು. ಬಿಸಿಲಿಗೆಂದು ಗೇಟಿನ ಬಳಿ ಬಂದು ಕೂತಾಗ ನೋಡುತ್ತಿದ್ದೆ, ಸೀರೆಯ ಅಂಚು ಗಾಯಕ್ಕೆ ಅಂಟುತ್ತಿತ್ತು. ಮೊದಲೇ ಸಕ್ಕರೆ ಕಾಯಿಲೆಯವರು, ಗಾಯ ಕೀವಾದರೆ ಕಾಲಿಗೇ ಸಂಚಕಾರ. ನನಗೆ ಹೆದರಿಕೆಯಾಯಿತು. ಮೇಲಿನಿಂದ ನಾನು ಎಣ್ಣೆ ಜಾಸ್ತಿ ಮಾಡಿದೆ. ಕೆಳಗೆ ಅಕ್ಕ ನೀರಿನ ಬಿಸಿ ಜಾಸ್ತಿ ಮಾಡಿದರು. ಒಬ್ಬರನ್ನೊಬ್ಬರು ಕೇಳಲಿಲ್ಲ. ಕಾಲು ಇನ್ನೂ ಕೆಟ್ಟಿತು.

ಕೊನೆಗೆ ಬಸವೇಶ್ವರನಗರದ ಚರ್ಮದ ಡಾಕ್ಟರ ಹತ್ತಿರ ಹೊರಟೆವು. ಅದೇ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ನಾನು ಒಂದು ಕಡೆ, ಅಕ್ಕ ಒಂದು ಕಡೆ, ನಡುವೆ ಅತ್ತೆ. ದಾರಿಯುದ್ದಕ್ಕೂ ಅತ್ತೆ ಒಬ್ಬರೇ ಮಾತಾಡಿದರು.

ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಕಾಲು ನೋಡಿ, ಏನು ಹಚ್ತೀರ ಎಂದು ಕೇಳಿದರು.

"ಗಾಣದ ಎಣ್ಣೆ ಕಣಮ್ಮ. ಒಳ್ಳೇದು," ಎಂದರು ಅತ್ತೆ.

"ಒಳ್ಳೇದೇ. ಹಚ್ಚಿದ ಮೇಲೆ?"

"ಹಚ್ಚಿದ ಮೇಲೆ ಸುಡು ಸುಡು ನೀರು, ಸೀಗೆಪುಡಿ. ಚೆನ್ನಾಗಿ ಉಜ್ಜಿ, ಜಿಡ್ಡೆಲ್ಲ ಬಿಡಿಸ್ತಾಳೆ ನಮ್ಮ ದೊಡ್ಡ ಸೊಸೆ."

"ಮತ್ತೆ ಎಣ್ಣೆ ಯಾರಿಗೆ ಹಚ್ಚಿದ ಹಾಗಾಯ್ತು ಅಜ್ಜಿ?"

ಇಷ್ಟು ವರ್ಷ ನಾವು ಆರೈಕೆ ಮಾಡಿದ್ದು ಬಚ್ಚಲ ಮೋರಿಯನ್ನು. ಅದು ಒಂದು ದಿನವೂ ತುರಿಕೆ ಎಂದು ಹೇಳಿದ್ದಿಲ್ಲ.

ಗಾಯ ಮಾಯುವವರೆಗೆ ಮುಲಾಮು ಬರೆದುಕೊಟ್ಟರು. ಆಮೇಲೆ ಉಗುರುಬೆಚ್ಚಗಿನ ನೀರು, ಕಾಲಿಗೆ ಸೀಗೆಪುಡಿ ಬೇಡ, ಟವಲಿನಲ್ಲಿ ಮೆಲ್ಲಗೆ ಒತ್ತಿ, ಚರ್ಮ ಇನ್ನೂ ತೇವ ಇರುವಾಗಲೇ ಎಣ್ಣೆ ಸವರಬೇಕು ಎಂದರು.

"ಸ್ನಾನ ಆದ್ಮೇಲೆ ಎಣ್ಣೆ ಮುಟ್ಟಬಾರದು," ಎಂದರು ಅತ್ತೆ.

"ಕಾಲಿಗೆ ಮಾತ್ರ ಅಜ್ಜಿ. ದೇವರಿಗೆ ನಾನು ಹೇಳ್ತೀನಿ."

ಗಾಯ ಒಣಗಿದ ಮೇಲಿನ ಮೊದಲ ಶುಕ್ರವಾರ ನಾನು ಬಾಟಲಿ ಹಿಡಿದು ಕೆಳಗಿಳಿದೆ. ಅತ್ತೆ ಒಬ್ಬರೇ ನಿಲ್ಲಲಾರರು. ಒಬ್ಬರು ಹಿಡಿದುಕೊಂಡು ಇನ್ನೊಬ್ಬರು ಕಾಲು ಒರೆಸಬೇಕು, ನೀರು ಆರುವುದರೊಳಗೆ ಎಣ್ಣೆ ಹಚ್ಚಬೇಕು. ಮರ ಹೋದ ಮೇಲೆ ಅಕ್ಕನ ಹೊಸ್ತಿಲು ದಾಟಿದ್ದು ಅದೇ ಮೊದಲು. ಬಚ್ಚಲಿಗೆ ಹೊಸದಾಗಿ ಟೈಲ್ಸ್ ಹಾಕಿಸಿದ್ದರು. ಚೆನ್ನಾಗಿತ್ತು, ಆದರೆ ನಾನು ಹೇಳಲಿಲ್ಲ.

ನಾನು ಒಂದು ಕೈಯಲ್ಲಿ ಅತ್ತೆಯ ಸೊಂಟ ಬಳಸಿ ಹಿಡಿದೆ. ಅಕ್ಕ ಮಣೆ ಹಾಕಿಕೊಂಡು ಕೂತು ಕಾಲಿಗೆ ಟವಲು ಒತ್ತಿದರು. ಒತ್ತಿ ಮುಗಿಸಿ, ತಲೆ ಎತ್ತದೆ, ಅಂಗೈ ಚಾಚಿದರು. ನಾನು ಬಾಟಲಿ ಇಡಲು ಜಾಗ ಹುಡುಕಿದೆ. ನೆಲವೆಲ್ಲ ನೀರು.

"ಕೆಳಗಿಡೇ, ಕೈಗೆ ಕೊಡಬೇಡ," ಎಂದರು ಅತ್ತೆ.

"ಎಲ್ಲಿ ಇಡೋದಮ್ಮ? ಟೈಲ್ಸ್ ಮೇಲೆ ಒಂದು ಹನಿ ಬಿದ್ರೆ ನಿಮ್ಮ ಸೊಂಟ ಹೋಗುತ್ತೆ," ಎಂದರು ಅಕ್ಕ. ಆಮೇಲೆ ನನಗೆ ಹೇಳಿದರು, "ಕೈಗೇ ಹಾಕೇ. ಇನ್ನೂ ಯಾವ ಜಗಳ ಬಾಕಿ ಇದೆ ನಮಗೆ?"

ಅಷ್ಟು ದಿನಗಳಲ್ಲಿ ಅವರು ನನಗೆ ಹೇಳಿದ ಮೊದಲ ಮಾತು ಅದು. ನಾನು ಬಾಟಲಿ ಬಗ್ಗಿಸಿದೆ. ಆಗ ಅವರ ಅಂಗೈ ನೋಡಿದೆ. ಸೋಪಿನ ಪುಡಿಗೆ, ಬಿಸಿನೀರಿಗೆ ಅದು ಅತ್ತೆಯ ಕಾಲಿನಷ್ಟೇ ಬಿರಿದಿತ್ತು. ಅದಕ್ಕೆ ಯಾರೂ ಎಣ್ಣೆ ತಂದಿರಲಿಲ್ಲ. ಅವತ್ತು ಬಚ್ಚಲಲ್ಲಿ ಸೀಗೆಪುಡಿ ಇರಲಿಲ್ಲ. ಆದರೂ ಕಣ್ಣು ಉರಿಯಿತು.

ಅತ್ತೆಯ ನಂಬಿಕೆ ಸುಳ್ಳಾಗಲಿಲ್ಲ. ಸಂಜೆಯೇ ಜಗಳ ಆಯಿತು. ಬಾಟಲಿ ವಾಪಸು ಕೊಡಲು ಅಕ್ಕ ಮೆಟ್ಟಿಲ ಬಳಿ ಬಂದಾಗ ನಾನೇ ಶುರು ಮಾಡಿದೆ.

"ಒಂದು ಮಾತು ಕೇಳದೆ ಮರ ಕಡಿಸಿಬಿಟ್ರಲ್ಲ ಅಕ್ಕ."

"ನಾನೂ ಬೇಡ ಅಂದೆ ಕಣೇ. ನಿಮ್ಮ ಭಾವ ಕೇಳಲಿಲ್ಲ. ನೀನು ಬಂದು ಒಂದ್ಸಲ ಬೈದಿದ್ರೆ ಹೇಳ್ತಿದ್ದೆ. ನೀನೋ, ಮೆಟ್ಟಿಲ ಮೇಲೆ ಬಾಟ್ಲಿ ಇಟ್ಟು ಹೋಗ್ತಿದ್ದೆ. ಬಾಟ್ಲಿಗೆ ಹೇಳ್ಲಾ ನಾನು?"

ಅಲ್ಲಿಂದ ಮುಂದೆ ಇಬ್ಬರ ದನಿಯೂ ಏರಿತು. ಎದುರು ಮನೆಯವರು ಕಿಟಕಿಗೆ ಬಂದು ನಿಂತರು. ಮರದಿಂದ ಶುರುವಾದದ್ದು ಕಾರಿಗೆ ಹೋಗಿ, ಕಾರಿನಿಂದ ನನ್ನ ಮದುವೆಯ ವರ್ಷದ ಯಾವುದೋ ಹೋಳಿಗೆಗೆ ಬಂತು. ಹೊತ್ತು ಮುಳುಗಿದ ಮೇಲೂ ನಾವು ಮೆಟ್ಟಿಲ ಮೇಲೆಯೇ ಇದ್ದೆವು. ಯಾವಾಗ ಕೂತೆವು ಎಂಬುದು ನನಗೆ ನೆನಪಿಲ್ಲ. ಬಾಟಲಿ ನನ್ನ ಮಡಿಲಲ್ಲಿತ್ತು, ಅಕ್ಕನ ಕೈಯೂ ಅಲ್ಲೇ ಇತ್ತು, ನಾನು ಅದಕ್ಕೆ ಎಣ್ಣೆ ತಿಕ್ಕುತ್ತಾ ಬೈಯುತ್ತಿದ್ದೆ.

ಒಳಗೆ ಅತ್ತೆ ಕಾಲು ಚಾಚಿ, ಕೆರೆದುಕೊಳ್ಳದೆ ಕೂತಿದ್ದರು.

"ನಾನು ಬಡ್ಕೊಂಡೆ," ಎಂದರು, "ಎಣ್ಣೆ ಕೆಳಗಿಡ್ರೇ ಅಂತ."