ಪೆಟ್ರೋಲಿನಲ್ಲಿ ಒರೆಸಿದ ಹೆಲ್ಮೆಟ್

ನವಲಗುಂದ ರಸ್ತೆಯ ಬದಿಗೆ ನನ್ನದೊಂದು ಟ್ರ್ಯಾಕ್ಟರ್ ಗ್ಯಾರೇಜು. ಎಂಥ ಹಳೆಯ ಸಾಮಾನಾದರೂ ಸರಿ, ಪೆಟ್ರೋಲಿನಲ್ಲಿ ಅದ್ದಿದ ಅರಿವೆಯಿಂದ ತಿಕ್ಕಿ ಮೇಲೊಂದು ಕೈ ಬಣ್ಣ ಹೊಡೆದರೆ ಹೊಸದಾಗುತ್ತದೆ ಎಂದು ನಂಬಿದ್ದವನು ನಾನು. ಯಾರಾದರೂ ಇದಕ್ಕೆ ಅಡ್ಡ ಮಾತಾಡಿದರೆ ಸಿಟ್ಟು ನೆತ್ತಿಗೇರುತ್ತಿತ್ತು.

ನನ್ನ ಮಗಳು ಹೈಸ್ಕೂಲಿನ ಕ್ರಿಕೆಟ್ ತಂಡದಲ್ಲಿ ಮೊದಲು ಬ್ಯಾಟಿಂಗ್‌ಗೆ ಇಳಿಯುವವಳು. ಶಾಲೆಯ ಹೆಲ್ಮೆಟ್ ದೊಡ್ಡದಾಗಿ ಕಣ್ಣಿನ ಮೇಲೆ ಜಾರುತ್ತದೆಂದು ಹುಬ್ಬಳ್ಳಿಯಿಂದ ಅವಳಿಗೇ ಒಂದು ತಂದುಕೊಟ್ಟಿದ್ದೆ. ನಮ್ಮ ಕರಿ ಮಣ್ಣು, ಬಿಸಿಲು, ಬೆವರು ಸೇರಿ ಒಂದೇ ವರ್ಷದಲ್ಲಿ ಅದು ಬಣ್ಣಗೆಟ್ಟಿತು.

ಮಹಾನವಮಿಯ ಖಂಡೇಪೂಜೆಗೆ ಗ್ಯಾರೇಜಿನ ಪಾನಾ, ಸುತ್ತಿಗೆ, ಜಾಕು ಎಲ್ಲವನ್ನೂ ಸ್ವಚ್ಛ ಮಾಡಿ, ವಿಭೂತಿ ಹಚ್ಚಿ ಸಾಲಾಗಿ ಇಡುತ್ತೇವೆ. ದುಡಿಯುವ ಸಾಮಾನು ಹೊಲಸಾಗಿ ಪೂಜೆಗೆ ಕೂಡಬಾರದು.

"ಅಪ್ಪಾ, ನನ್ನ ಬ್ಯಾಟು, ಹೆಲ್ಮೆಟ್ಟೂ ಇಡು" ಎಂದಳು ಮಗಳು.

ನನಗೆ ಹುರುಪು ಬಂತು. ಒಳಗಿನ ಮೆತ್ತೆಗಳನ್ನು ಬಿಚ್ಚಿ ಸಾಬೂನಿನಲ್ಲಿ ತೊಳೆದು ನೆರಳಿಗೆ ಹಾಕಿದೆ. ಹೊರಗಿನ ಚಿಪ್ಪನ್ನು ಪೆಟ್ರೋಲಿನಿಂದ ಗಸಗಸ ತಿಕ್ಕಿದೆ. ಒಳಗೆ ಸಣ್ಣ ಅಕ್ಷರಗಳ ಚೀಟಿಯೊಂದು ಅಂಟಿಕೊಂಡಿತ್ತು. ಹೆಚ್ಚು ಪೆಟ್ರೋಲು ಸುರಿದು ಅದನ್ನೂ ಕೆರೆದು ತೆಗೆದೆ. ಓದುವ ಗೋಜಿಗೆ ಹೋಗಲಿಲ್ಲ. ಕೊನೆಗೆ ಟ್ರ್ಯಾಕ್ಟರಿಗೆ ತಂದು ಉಳಿದಿದ್ದ ನೀಲಿ ಬಣ್ಣ ಹೊಡೆದೆ. ಪೂಜೆಗೆ ಬಂದವರೆಲ್ಲ ಹೊಸದು ತಂದಿರೇನು ಎಂದು ಕೇಳಿದರು. ನಾನು ಮೀಸೆಯಡಿಯಲ್ಲೇ ನಕ್ಕೆ.

ಮುಂದಿನ ಮೂರು ಭಾನುವಾರ ಅವಳು ಅದನ್ನೇ ಹಾಕಿಕೊಂಡು ಆಡಿದಳು. ಮೂರನೆಯ ಆಟದ ಮರುದಿನ ಹೆಲ್ಮೆಟ್ ಹಿಡಿದುಕೊಂಡು ಗ್ಯಾರೇಜಿಗೆ ಬಂದಳು. ಚೆಂಡು ಮುಖದ ಮುಂದಿನ ಜಾಳಿಗೆಗೆ ಬಡಿದು ಸ್ಕ್ರೂ ಸಡಿಲಾಗಿತ್ತು. ಅವಳ ಜೊತೆ ಪಿ.ಟಿ. ಮಾಸ್ತರರೂ ಇದ್ದರು.

ಚಿಪ್ಪನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ಸ್ಕ್ರೂ ತಿರುಗಿಸಿದೆ. ಚಟ್ ಎಂದಿತು. ಇನ್ನಷ್ಟು ಬಿಗಿಯಾಗಿ ಹಿಡಿದೆ. ಹಪ್ಪಳ ಮುರಿದಂತೆ ಚಿಪ್ಪು ಕಿವಿಯಿಂದ ನೆತ್ತಿಯವರೆಗೆ ಸೀಳಿ ಎರಡು ಹೋಳಾಯಿತು. ನಾನು ಸುತ್ತಿಗೆ ಮುಟ್ಟಿರಲಿಲ್ಲ, ಮೊಣಕಾಲಿನಿಂದ ಒತ್ತಿದ್ದೆ, ಅಷ್ಟೇ.

ಮಾಸ್ತರರು ಒಂದು ಹೋಳು ಎತ್ತಿಕೊಂಡು ಅದರ ಅಂಚನ್ನು ಬೆರಳಿನಿಂದ ಬಗ್ಗಿಸಿ ನೋಡಿದರು. ಅದೂ ಮುರಿಯಿತು.

"ಇದಕ್ಕ ಪೆಟ್ರೋಲ್ ಹಚ್ಚಿದ್ರೇನ್ರಿ?"

"ಹೌದ್ರಿ. ಮ್ಯಾಲೆ ಬಣ್ಣಾನೂ ಹೊಡದೇನ್ರಿ."

"ಅಯ್ಯ, ಇದು ಕಬ್ಬಣ ಅಲ್ರಿ, ಪ್ಲಾಸ್ಟಿಕ್. ಪೆಟ್ರೋಲ್ ಬಿತ್ತಂದ್ರ ಇದರ ಕಸುವು ಹೋಗತೈತಿ. ಮ್ಯಾಲೆ ನೋಡಾಕ ಏನೂ ಗೊತ್ತಾಗೂದಿಲ್ಲ. ಒಳಗ ಚೀಟಿ ಹಚ್ಚಿರತಾರ, ಓದಲಿಲ್ಲೇನ್ರಿ?"

ಮೂರು ಭಾನುವಾರ ನನ್ನ ಮಗಳ ತಲೆಯ ಮೇಲೆ ಹಪ್ಪಳ ಇಟ್ಟು ಕಳಿಸಿದ್ದೆ, ಅದೂ ಪೂಜೆ ಮಾಡಿ, ಕೈಯಾರೆ. ನಿನ್ನೆಯ ಚೆಂಡು ನಾಲ್ಕು ಬೆರಳು ಮೇಲೆ ಬಂದಿದ್ದರೆ? ಅಲ್ಲೇ ಇದ್ದ ಹಳೇ ಟೈರಿನ ಮೇಲೆ ಕುಳಿತೆ. ಇನ್ನೊಬ್ಬರ ತಪ್ಪಾಗಿದ್ದರೆ ಊರು ಕೇಳುವಂತೆ ಒದರಾಡುತ್ತಿದ್ದೆ. ಈಗ ಯಾರ ಮೇಲೆ ಒದರಲಿ?

ಮಗಳು ಮಾತ್ರ ಅಳಲಿಲ್ಲ. ಎರಡೂ ಹೋಳುಗಳನ್ನು ಕೂಡಿಸಿ ನೋಡುತ್ತ ನಿಂತಿದ್ದಳು.

"ನಿನ್ನಿ ಆ ಬಾಲ್ ಬರೂದು ನನಗ ಕಂಡಿತ್ತಪ್ಪಾ" ಎಂದಳು ಮೆಲ್ಲಗೆ. "ಸಾಲಿ ಹೆಲ್ಮೆಟ್ ಇದ್ದಿದ್ರ ಬಗ್ಗತಿದ್ದೆ. ನೀ ರಿಪೇರಿ ಮಾಡಿದ್ದಲ್ಲಾ, ಅದಕ್ಕ ಹಂಗ ನಿಂತೆ."